ಸಾಮಾನ್ಯ ವರ್ತಮಾನ ಕಾಲ: ಕನ್ನಡದ ಮೂಲಕ ಇಂಗ್ಲಿಷ್ ವ್ಯಾಕರಣ

ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದ ಪ್ರವಾಸಿಗರೊಡನೆ ಇಂಗ್ಲಿಷಿನಲ್ಲಿ ಮಾತನಾಡಬಯಸುವ ಯುವಕರಿಗೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಮಕ್ಕಳಿಗೂ ಮೊದಲು ಬೇಕಾಗುವುದು 'ಸಿಂಪಲ್ ಪ್ರೆಸೆಂಟ್', ಅಂದರೆ ಸಾಮಾನ್ಯ ವರ್ತಮಾನ ಕಾಲ.

ರೂಢಿ, ನಿತ್ಯಸತ್ಯ ಮತ್ತು ವೇಳಾಪಟ್ಟಿಗಳನ್ನು ಹೇಳಲು ಈ ಕಾಲ ಬಳಕೆಯಾಗುತ್ತದೆ. 'ದಿ ಟ್ರೈನ್ ಸ್ಟಾಪ್ಸ್ ಅಟ್ ಅರಸೀಕೆರೆ' ಎಂದರೆ ರೈಲು ಅರಸೀಕೆರೆಯಲ್ಲಿ ನಿಲ್ಲುತ್ತದೆ ಎಂದರ್ಥ. 'ಈಸ್ ಸ್ಟಾಪಿಂಗ್' ಎಂದರೆ ಈ ಕ್ಷಣ ನಿಲ್ಲುತ್ತಿದೆ ಎಂದಾಗುತ್ತದೆ. ಕನ್ನಡದ 'ನಿಲ್ಲುತ್ತದೆ', 'ನಿಲ್ಲುತ್ತಿದೆ'ಗಳ ಅಂತರವೇ ಇಲ್ಲಿಯೂ ಇದೆ. ಆದರೆ 'ನಾಳೆ ಬರುತ್ತೇನೆ' ಎಂಬಲ್ಲಿ ಕನ್ನಡದ ಇದೇ ರೂಪ ಭವಿಷ್ಯವನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಅದು 'ಐ ವಿಲ್ ಕಮ್ ಟುಮಾರೋ' ಆಗಬೇಕು.

ಕನ್ನಡದ ಕ್ರಿಯಾಪದವು ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ. ಇಂಗ್ಲಿಷಿನಲ್ಲಿ 'ಗೋ', 'ಗೋಸ್' ಎಂಬ ಎರಡೇ ರೂಪಗಳು. ಪ್ರಥಮ ಪುರುಷ ಏಕವಚನಕ್ಕೆ, ಅಂದರೆ 'ಹೀ', 'ಶೀ', 'ಇಟ್' ಬಂದಾಗ ಮಾತ್ರ ಕೊನೆಯಲ್ಲಿ 'ಎಸ್' ಸೇರುತ್ತದೆ. ಗೌರವಕ್ಕಾಗಿ ನಾವು 'ತಂದೆಯವರು ಬರುತ್ತಾರೆ' ಎಂದು ಬಹುವಚನ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಆ ಪದ್ಧತಿಯಿಲ್ಲ. 'ಮೈ ಫಾದರ್ ಕಮ್ಸ್' ಎಂದೇ ಬರೆಯಬೇಕು.

ನಿಷೇಧದಲ್ಲಿ ಕನ್ನಡವೇ ದಾರಿ ತೋರುತ್ತದೆ. 'ಹೋಗುವುದಿಲ್ಲ' ಎನ್ನುವಾಗ ಪುರುಷ, ಲಿಂಗ, ವಚನಗಳ ಪ್ರತ್ಯಯಗಳೆಲ್ಲ ಮರೆಯಾಗುತ್ತವೆ. ಹಾಗೆಯೇ ಇಂಗ್ಲಿಷಿನಲ್ಲಿಯೂ ಮೂಲ ಕ್ರಿಯಾಪದದ 'ಎಸ್' ಬಿದ್ದುಹೋಗುತ್ತದೆ. ಆ ಗುರುತು 'ಡಸ್' ಎಂಬಲ್ಲಿ ಉಳಿಯುತ್ತದೆ. ಆದ್ದರಿಂದ 'ಡಸ್ ನಾಟ್ ಸ್ಟಾಪ್' ಸರಿ, 'ಡಸ್ ನಾಟ್ ಸ್ಟಾಪ್ಸ್' ತಪ್ಪು. ಪ್ರಶ್ನೆಗೂ ಇದೇ ನಿಯಮ: 'ಡಸ್ ದಿ ಟ್ರೈನ್ ಸ್ಟಾಪ್ ಅಟ್ ಅರಸೀಕೆರೆ?'

ಇನ್ನೊಂದು ಎಚ್ಚರಿಕೆ ಅಗತ್ಯ. 'ಇದು ಹೊಯ್ಸಳೇಶ್ವರ ದೇವಾಲಯ' ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿನಲ್ಲಿ 'ಈಸ್' ಇಲ್ಲದೆ ವಾಕ್ಯ ಪೂರ್ಣವಾಗದು: 'ದಿಸ್ ಈಸ್ ದಿ ಹೊಯ್ಸಳೇಶ್ವರ ಟೆಂಪಲ್.'

ವಿದ್ಯಾರ್ಥಿಗಳು ದಿನಕ್ಕೆ ಐದು ವಾಕ್ಯಗಳನ್ನು ತಮ್ಮ ಊರಿನ ಬಗ್ಗೆಯೇ ಬರೆದು, ಪ್ರತಿಯೊಂದನ್ನೂ ನಿಷೇಧಕ್ಕೂ ಪ್ರಶ್ನೆಗೂ ಪರಿವರ್ತಿಸುವುದು ಒಳ್ಳೆಯದು. ನಿಯಮವನ್ನು ಕಂಠಪಾಠ ಮಾಡುವುದಕ್ಕಿಂತ ಈ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ.