ಡಿಚೋಲಿ ಗುಡ್ಡದ ನಮಾಜ್‌ಗಾ

ಔರಂಗಜೇಬನ ಮಗ ಅಕ್ಬರ್ 1681ರಲ್ಲಿ ಅಪ್ಪನ ವಿರುದ್ಧವೇ ಬಂಡೆದ್ದು ಸೋತ. ಓಡಿಬಂದು ಆಶ್ರಯ ಕೇಳಿದ್ದು ಯಾರನ್ನು? ಶಿವಾಜಿಯ ಮಗ ಸಂಭಾಜಿಯನ್ನು! ಮೊಘಲ್–ಮರಾಠಾ ಕದನವನ್ನು ಬರೀ ಧರ್ಮಯುದ್ಧವೆಂದು ಓದುವವರಿಗೆ ಇದು ಕೊಂಚ ಇರುಸುಮುರುಸಿನ ಸಂಗತಿ. ಆ ರಾಜಕುಮಾರ ಕೆಲಕಾಲ ತಂಗಿದ್ದು ಗೋವಾದ ಡಿಚೋಲಿಯಲ್ಲಿ. ಅಲ್ಲಿನ ಗುಡ್ಡದ ಮೇಲಿರುವ ನಮಾಜ್‌ಗಾವನ್ನು (ನಮಾಜಿನ ಸ್ಥಳ) ಕಟ್ಟಿಸಿದವನೂ ಅವನೇ ಎನ್ನುತ್ತಾರೆ. 1687ರಲ್ಲಿ ಆತ ಪರ್ಷಿಯಾಕ್ಕೆ ಹಡಗು ಹತ್ತಿದ.

ಗೋವಾದ ಮುಸ್ಲಿಮರ ಕಥೆ ಇನ್ನೂ ಹಳೆಯದು. 11ನೇ ಶತಮಾನದ ಕದಂಬ ದೊರೆ ಒಂದನೇ ಜಯಕೇಶಿಯ ತಾಮ್ರಶಾಸನದಲ್ಲೇ ಮಸೀದಿಯ ಪ್ರಸ್ತಾಪವಿದೆ. ಮುಂದೆ ಬಿಜಾಪುರದ ಆದಿಲ್‌ಶಾಹಿಗಳು ಆಳಿದರು. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾ ನಗರವನ್ನು ಗೆದ್ದಾಗ ಮುಸ್ಲಿಮರ ಕಗ್ಗೊಲೆಯೇ ನಡೆಯಿತು. ಡಿಚೋಲಿ ಪೋರ್ಚುಗೀಸರ ಕೈಸೇರಿದ್ದು ಮಾತ್ರ 18ನೇ ಶತಮಾನದ ಕೊನೆಗೆ. ಅಷ್ಟರಲ್ಲಿ ಅವರ ಬಲವಂತದ ಮತಾಂತರದ ಕಾವು ಇಳಿದಿತ್ತು. ಪೊಂಡಾದ ಸಫಾ ಮಸೀದಿಯಂತೆ ಇಲ್ಲಿಯೂ ಹಳೆಯ ಕುರುಹು ಉಳಿಯಲು ಅದೊಂದು ಕಾರಣ.

2011ರ ಜನಗಣತಿಯಂತೆ ಗೋವಾದಲ್ಲಿ ಮುಸ್ಲಿಮರು ಶೇ 8.3. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಅವರಲ್ಲಿದ್ದಾರೆ.

ದೇಶದ ಬಹುತೇಕ ಕಡೆಯ ಮುಸ್ಲಿಮರಿಗಿಲ್ಲದ ಒಂದು ವಿಶೇಷ ಗೋವಾದವರಿಗುಂಟು: 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ. ಅದರಂತೆ ಮದುವೆಯನ್ನು ಎಲ್ಲ ಧರ್ಮದವರೂ ನೋಂದಾಯಿಸಲೇಬೇಕು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಆಸ್ತಿಪಾಲು.