ಫಿನ್ನಿಯ ಹುಲ್ಲುಗಾವಲು

ಕೂಪರ್ಸ್‌ಟೌನಿನ ಮುಖ್ಯಬೀದಿಯಲ್ಲಿ ಎತ್ತ ನೋಡಿದರೂ ಬೇಸ್‌ಬಾಲ್. ಒಂದು ಅಂಗಡಿಯಲ್ಲಿ ಟೋಪಿ, ಇನ್ನೊಂದರಲ್ಲಿ ಹಳೆಯ ಆಟಗಾರರ ಚಿತ್ರದ ಕಾರ್ಡು, ಮತ್ತೊಂದರಲ್ಲಿ ಹೆಸರು ಕೆತ್ತಿಕೊಡುವ ಮರದ ಬ್ಯಾಟು. ಎರಡು ಸಾವಿರ ಜನವೂ ಇಲ್ಲದ ಊರು. ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ, ಸಸ್ಕ್ವೆಹನ್ನಾ ನದಿ ಹುಟ್ಟುವ ಆಟ್ಸೀಗೊ ಸರೋವರದ ದಂಡೆಯಲ್ಲಿದೆ. ಬೀದಿಯಿಂದ ಒಂದಿಷ್ಟು ಒಳಗೆ ಸರಿದರೆ ಹುಲ್ಲಿನ ಟೋಪಿಯ, ಬರಿಗಾಲಿನ ಹುಡುಗನೊಬ್ಬ ಬ್ಯಾಟು ಹಿಡಿದು ನಿಂತಿದ್ದಾನೆ. ಕಂಚಿನ ಹುಡುಗ. ಅವನನ್ನು ದಾಟಿದರೆ ಕೆಂಪು ಇಟ್ಟಿಗೆಯ ಗ್ಯಾಲರಿ, ಅದರಾಚೆ ಡಬಲ್‌ಡೇ ಫೀಲ್ಡ್.

ನಾನು ಹೋದಾಗ ಆಟ ನಡೆದಿತ್ತು. ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕೂತರೆ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರನ ಬೆನ್ನು ಕಣ್ಣೆದುರಿಗೇ. ಬ್ಯಾಟುಗಾರ ಬಂದು ಮೊಳೆಬೂಟಿನ ತುದಿಯಿಂದ ಕೆಮ್ಮಣ್ಣು ಕೆದಕಿದ; ಹಿಂದಿನವರೆಲ್ಲ ಕೆದಕಿದ ಗುಣಿಯಲ್ಲೇ ತನ್ನ ಹಿಂಗಾಲು ಹೂತು ನಿಂತ. ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬ 60 ಅಡಿ 6 ಅಂಗುಲ ದೂರ, ನಮ್ಮ ಕ್ರಿಕೆಟ್ ಪಿಚ್ಚಿಗಿಂತ ಐದೂವರೆ ಅಡಿ ಕಡಿಮೆ. ಚೆಂಡು ನೆಲ ಮುಟ್ಟದೆ ಬರುತ್ತದೆ. ಕ್ಯಾಚರನ ದಪ್ಪ ತೊಗಲಿನ ಗ್ಲೌಸಿಗೆ ಅದು ಬಡಿದಾಗ ಎದ್ದ ಸದ್ದು ಗ್ಯಾಲರಿಯ ಮಾಡಿಗೆ ತಾಗಿ ಮತ್ತೊಮ್ಮೆ ಕೇಳಿಸಿತು.

ಈ ಜಾಗ ಒಂದು ಕಾಲಕ್ಕೆ ಎಲಿಹು ಫಿನ್ನಿ ಎಂಬಾತನ ದನ ಮೇಯುವ ಹುಲ್ಲುಗಾವಲು. 1839ರಲ್ಲಿ ಏಬ್ನರ್ ಡಬಲ್‌ಡೇ ಇಲ್ಲೇ ಬೇಸ್‌ಬಾಲನ್ನು ಕಂಡುಹಿಡಿದ ಎಂಬ ಕಥೆ ಹುಟ್ಟಿದ್ದು 1905ರಲ್ಲಿ, ಏಬ್ನರ್ ಗ್ರೇವ್ಸ್ ಎಂಬ ಮುದುಕ ಬರೆದ ಪತ್ರದಿಂದ. ಆಟದ ಮೂಲ ಹುಡುಕಲು ಕೂತಿದ್ದ ಸಮಿತಿ ಅದನ್ನೇ ನಂಬಿತು. ಆದರೆ ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿದ್ದ. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಆಗಿ ಹೆಸರು ಮಾಡಿದ ಅವನು, ಈ ಆಟ ತನ್ನದೆಂದು ಎಂದೂ ಹೇಳಿಕೊಂಡವನಲ್ಲ. ಇತಿಹಾಸಕಾರರು ಕಥೆಯನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಅದರಿಂದ ಮೈದಾನದ ಬೆಲೆ ಕೂದಲೆಳೆಯಷ್ಟೂ ಕುಂದಿಲ್ಲ ಎಂದೇ ನನ್ನ ನಂಬಿಕೆ. ಇಲ್ಲಿ ನಿಜವಾಗಿ ನಡೆದದ್ದೇ ಬೇಕಾದಷ್ಟಿದೆ.

1939ರ ಜೂನ್ 12ನ್ನೇ ತೆಗೆದುಕೊಳ್ಳಿ. ಅಂದು ಇದೇ ಊರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಎಂಬ ಗೌರವಮಂದಿರ ಬಾಗಿಲು ತೆರೆಯಿತು. ಸೈ ಯಂಗ್, ವಾಲ್ಟರ್ ಜಾನ್ಸನ್, ಹೋನಸ್ ವಾಗ್ನರ್, ಬೇಬ್ ರೂತ್: ಆ ಆಟದ ದೇವರುಗಳೇ ಒಟ್ಟಿಗೆ ಈ ಸಣ್ಣ ಊರಿಗೆ ಇಳಿದರು. ಮಧ್ಯಾಹ್ನ ಈ ಮೈದಾನದಲ್ಲಿ ಪ್ರದರ್ಶನ ಪಂದ್ಯ. ಆಟ ಬಿಟ್ಟು ನಾಲ್ಕು ವರ್ಷವಾಗಿದ್ದ, ಮೈಬಂದಿದ್ದ ರೂತ್ ಬ್ಯಾಟು ಹಿಡಿದು ಬಂದ. ಜನ ಬಾಯಿಬಿಟ್ಟು, ಬೇಲಿ ದಾಟುವ ಹೋಮ್ ರನ್ನಿಗೆ ಕಾದರು. ಚೆಂಡು ನೆಟ್ಟಗೆ ಮೇಲೆದ್ದು ಕ್ಯಾಚರನ ಕೈಗೇ ಬಿತ್ತು. ಅಷ್ಟಕ್ಕೂ ಎಡಗಡೆಯ ಬೇಲಿ ಇಲ್ಲಿ ಬರೀ 296 ಅಡಿ. 1958ರ ಜೂನ್ 1ರ ನಂತರ ವೃತ್ತಿಪರ ತಂಡಗಳು ಕಟ್ಟುವ ಮೈದಾನಕ್ಕೆ ಕನಿಷ್ಠ 325 ಅಡಿ ಬೇಕೆಂದು ನಿಯಮ. ಸುತ್ತ ಮರಗಳು, ಮನೆಗಳು. ಬೇಲಿಯನ್ನು ಹಿಂದೆ ಸರಿಸುವುದಾದರೂ ಎಲ್ಲಿಗೆ?

1940ರಿಂದ ಹೆಚ್ಚುಕಡಿಮೆ ಪ್ರತಿವರ್ಷ ದೊಡ್ಡ ಲೀಗಿನ ಎರಡು ತಂಡಗಳು ಒಂದು ದಿನ ಇಲ್ಲಿ ಬಂದು ಆಡಿ ಹೋಗುತ್ತಿದ್ದವು. ಕೊನೆಯದು 2008ರದ್ದು, ಅದನ್ನೂ ಮಳೆ ನುಂಗಿತು. ಆ ಪದ್ಧತಿ ನಿಂತದ್ದಕ್ಕೆ ಮರುಗುವವರು ಈಗಲೂ ಇದ್ದಾರೆ. ನನಗೆ ಮಾತ್ರ ಮೈದಾನ ಇಂದು ಯಾರ ಕಾಲಡಿ ಇದೆಯೋ ಅವರೇ ಇಷ್ಟವಾದರು. ಶಾಲೆಯ ಹುಡುಗರು, ಹವ್ಯಾಸಿ ತಂಡದವರು, ದೂರದೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಒಂದು ಪಂದ್ಯ ಆಡಿ ಹೋಗುವ ನರೆಗೂದಲಿನವರು. ಅಂದು ಆಡುತ್ತಿದ್ದವರೂ ಅಂಥವರೇ. ಏಳನೆಯ ಇನ್ನಿಂಗ್ಸಿನಲ್ಲಿ ಹೊಟ್ಟೆ ಬಂದ ಹಿರಿಯರೊಬ್ಬರ ಹೊಡೆತ ಆ ಎಡಬೇಲಿಯನ್ನು ದಾಟಿತು. ಅವರು ನಾಲ್ಕು ಬೇಸನ್ನೂ ನಡೆದೇ ಸುತ್ತಿದರು. ಎದುರು ತಂಡದ ಪಿಚರ್ ದಿಬ್ಬದಿಂದ ಇಳಿದುಬಂದು ಕೈಕುಲುಕಿದ.