ಮಂಜು ಕವಿದ ಗಾಜು, ತಿರುಗದ ಫ್ಯಾನು

ಜುಲೈ ತಿಂಗಳ ಒಂದು ಸಂಜೆ. ಮಡಿಕೇರಿಯ ನಾದಿನಿ ಮನೆಯಿಂದ ಸುಳ್ಯಕ್ಕೆ ಹೊರಟು ಸಂಪಾಜೆ ಘಾಟಿ ಇಳಿಯುತ್ತಿದ್ದೆವು. ಮಳೆ ಧೋ ಅಂತ ಸುರಿಯುತ್ತಿತ್ತು. ಹಳೆಯ ಪುಟ್ಟ ಕಾರಿನಲ್ಲಿ ಐದು ಜನ, ಒದ್ದೆ ಛತ್ರಿ, ಒದ್ದೆ ಚಪ್ಪಲಿ. ನೋಡನೋಡುತ್ತಿದ್ದಂತೆ ಮುಂದಿನ ಗಾಜು ಹಾಲು ಬಳಿದಂತೆ ಬೆಳ್ಳಗಾಯಿತು.

“ಹೀಟರ್ ಫ್ಯಾನ್ ಹಾಕ್ರೀ” ಅಂದೆ.

“ಹಾಕಿದೀನಿ ಕಣೇ, ತಿರುಗ್ತಿಲ್ಲ” ಅಂದರು ನಮ್ಮವರು.

ನಾನು ಸೆರಗಿನಿಂದ ಗಾಜು ಒರೆಸುತ್ತಿದ್ದೆ. ಎದುರಿನ ಲಾರಿಯ ದೀಪ ಕಂಡಾಗ ಅದು ಹತ್ತು ಮಾರು ದೂರದಲ್ಲಿತ್ತು! ಹೇಗೋ ಪಕ್ಕಕ್ಕೆಳೆದು ನಿಲ್ಲಿಸಿದರು. ಹಿಂದೆ ಕೂತ ಅತ್ತೆಯವರು ಗಣಪತಿಗೆ ಹರಕೆ ಹೊತ್ತದ್ದು ಇನ್ನೂ ಕಿವಿಯಲ್ಲಿದೆ.

ಹೀಟರ್ ಅಂದರೆ ಚಳಿ ದೇಶದವರ ಶೋಕಿ ಅಂತ ನೀವು ಅಂದುಕೊಂಡಿರಬಹುದು. ನಮ್ಮ ಕೊಡಗು, ಮಲೆನಾಡಿನಲ್ಲಿ ಅದು ಬೇಕಾಗುವುದು ಗಾಜಿಗೆ. ನಮ್ಮ ಉಸಿರಿನ ಹಬೆ ತಣ್ಣನೆಯ ಗಾಜಿಗೆ ತಗುಲಿ ಹನಿಗಟ್ಟುತ್ತದೆ, ಅನ್ನದ ಪಾತ್ರೆಯ ಮುಚ್ಚಳದ ಒಳಬದಿಯ ಹಾಗೆ. ಇಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಫ್ಯಾನು ಅದರ ಮೂಲಕ ಗಾಳಿ ಊದಿ ಗಾಜನ್ನು ಬೆಚ್ಚಗೆ ಮಾಡುತ್ತದೆ. ಫ್ಯಾನೇ ನಿಂತರೆ ಬಿಸಿನೀರಿದ್ದೂ ಪ್ರಯೋಜನವಿಲ್ಲ.

ಮಾರನೆಯ ದಿನ ಊರಿನ ಮೆಕ್ಯಾನಿಕ್ ಒಬ್ಬರು, “ಮೋಟಾರೇ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು” ಅಂದುಬಿಟ್ಟರು. ಆ ರಾತ್ರಿ ನನಗೇನೋ ಸಮಾಧಾನವಿಲ್ಲ. ಕೀಲಿ ತಿರುಗಿಸಿ ಗುಂಡಿಯನ್ನು ಒಂದು, ಎರಡು, ಮೂರಕ್ಕೆ ಇಟ್ಟೆ, ಸದ್ದಿಲ್ಲ. ಕೊನೆಯ ನಾಲ್ಕಕ್ಕೆ ಇಟ್ಟದ್ದೇ ತಡ, ಫ್ಯಾನು ಭರ್ರೆಂದಿತು! ಘಾಟಿಯಲ್ಲಿ ಗಾಬರಿಯಲ್ಲಿ ಯಾರೂ ನಾಲ್ಕರವರೆಗೆ ಹೋಗಿರಲೇ ಇಲ್ಲ.

ಇದರ ಗುಟ್ಟು ನಿಮಗೂ ಗೊತ್ತಿರುವುದೇ. ಹಳೆಯ ಸೀಲಿಂಗ್ ಫ್ಯಾನಿನ ದಪ್ಪ ರೆಗ್ಯುಲೇಟರ್ ಬಿಸಿಯಾಗುತ್ತಿತ್ತಲ್ಲ? ಕಾರಿನಲ್ಲೂ ಅಂಥದೇ ಒಂದು ಸಣ್ಣ ರೆಸಿಸ್ಟರ್ ಇದೆ. ಕಡಿಮೆ ವೇಗಕ್ಕೆ ಕರೆಂಟು ಅದರ ಮೂಲಕ ಹೋಗುತ್ತದೆ, ಪೂರ್ತಿ ವೇಗಕ್ಕೆ ನೇರ ಮೋಟಾರಿಗೆ. ಕೊನೆಯ ವೇಗ ಮಾತ್ರ ಬರುತ್ತಿದ್ದರೆ ಮೊದಲು ರೆಸಿಸ್ಟರಿನ ಮೇಲೆ ಅನುಮಾನಪಡಿ. ನಮ್ಮದರಲ್ಲಿ ಅದೇ ಸುಟ್ಟಿತ್ತು. ಎಡಗಡೆಯ ಸಾಮಾನಿನ ಖಾನೆಯ ಹಿಂದೆ ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬಂತು, ಜೊತೆಗೆ ಒಂದು ಹಿಡಿ ಒಣಗಿದ ಎಲೆ! ಗಾಳಿ ತಗುಲಿ ತಣ್ಣಗಿರಬೇಕಾದದ್ದು ಕಸದಲ್ಲಿ ಹೂತು ಬೆಂದುಹೋಗಿತ್ತು.

ಯಾವ ವೇಗದಲ್ಲೂ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಚಪ್ಪಟೆ ಫ್ಯೂಸಿನಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಯಾವ ಬಣ್ಣ ಇತ್ತೋ ಅದೇ ಹಾಕಬೇಕು. ದೊಡ್ಡದು ಹಾಕುವುದು, ಸಿಗರೇಟ್ ಪೊಟ್ಟಣದ ಬೆಳ್ಳಿಕಾಗದ ಸುತ್ತುವುದು ಬೇಡವೇ ಬೇಡ. ತಂತಿ ಕಾದು ಬೆಂಕಿ ಹತ್ತೀತು. ಹೊಸ ಫ್ಯೂಸೂ ತಕ್ಷಣ ಹೋದರೆ ಮೋಟಾರು ಬಿಗಿದಿದೆ, ಇಲ್ಲವೇ ತಂತಿ ಎಲ್ಲೋ ತಗುಲಿದೆ ಎಂದರ್ಥ.

ಫ್ಯೂಸ್ ಸರಿಯಿದ್ದರೆ, ಸ್ವಿಚ್ ಹಾಕಿಟ್ಟು ಮೋಟಾರಿನ ಡಬ್ಬಿಯನ್ನು ಮೆತ್ತಗೆ ತಟ್ಟಿ. ತಟ್ಟಿದಾಗ ತಿರುಗಿದರೆ ಕಾರ್ಬನ್ ಸವೆದಿರಬಹುದು. ಮಿಕ್ಸಿಗೆ ಕಾರ್ಬನ್ ಹಾಕಿಸುತ್ತೀರಲ್ಲ, ಅದೇ ಜಾತಿ. ಕೀಚಲು ಸದ್ದು ಬೇರಿಂಗಿನದು, ಪಟಪಟ ಸದ್ದು ಎಲೆಯದು. ಇಲಿ ಗೂಡು ಕಟ್ಟಿದ್ದೂ ಉಂಟು!

ಫ್ಯಾನು ತಿರುಗಿಯೂ ಗಾಳಿ ತಣ್ಣಗಿದ್ದರೆ ರೇಡಿಯೇಟರ್ ನೀರು ಕಡಿಮೆಯಾಗಿರಬಹುದು. ಇಂಜಿನ್ ಪೂರ್ತಿ ಆರಿದ ಮೇಲೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಕುಕ್ಕರಿನ ಹಾಗೆ ಮುಖಕ್ಕೆ ಹಾರುತ್ತದೆ. ಕಾರಿನೊಳಗೆ ಸಿಹಿ ವಾಸನೆ, ಎಡಗಡೆ ಕಾಲಿನ ಹತ್ತಿರ ಅಂಟಂಟು ಒದ್ದೆ ಕಂಡರೆ ಒಳಗಿನ ರೇಡಿಯೇಟರೇ ಸೋರುತ್ತಿದೆ. ಅದು ಗ್ಯಾರೇಜಿನವರ ಕೆಲಸ.

ದಾರಿಯಲ್ಲೇ ಕೆಟ್ಟರೆ? ಹೊರಗಿನ ಗಾಳಿ ಬರುವ ಕಡೆಗೆ ಸನ್ನೆ ಸರಿಸಿ, ಎರಡೂ ಕಡೆ ಕಿಟಕಿ ಎರಡು ಬೆರಳು ಇಳಿಸಿ. ಸ್ವಲ್ಪ ನೆನೆಯುತ್ತೀರಿ, ನೆನೆಯಲಿ ಬಿಡಿ. ಆಗಲೂ ಕಾಣದಿದ್ದರೆ ತಿರುವು ದಾಟಿ, ಅಗಲ ಜಾಗದಲ್ಲಿ ದೀಪ ಮಿನುಗಿಸುತ್ತಾ ನಿಲ್ಲಿಸಿ.

ನಮ್ಮವರು ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸುವುದನ್ನು ಇನ್ನೂ ಬಿಟ್ಟಿಲ್ಲ. ಗಾಜಿನ ಬುಡದ ಜಾಲರಿಯ ಮೇಲಿನ ಎಲೆ ಗುಡಿಸುವ ಕೆಲಸ ಅಂಗಳದ ಜೊತೆಗೆ ನನ್ನ ಪಾಲಿಗೇ ಬಂದಿದೆ.